ಹಚ್ಚದ ಫೋನು

ರಹಾಮೀಮ್ ಕಾಕಾ, ಆ ದಿನ ನಾನು ಪುಣೆಗೆ ಫೋನ್ ಹಚ್ಚಿರಲೇ ಇಲ್ಲ. ನಿಮ್ಮೆದುರೇ ನಿಂತು, ಸುಮ್ಮನಿದ್ದ ಫೋನನ್ನು ಕಿವಿಗಿಟ್ಟುಕೊಂಡು, ನಿಮ್ಮ ತಮ್ಮನ ಮಗನ ಜೊತೆ ಮಾತಾಡಿದಂತೆ ತುಟಿ ಆಡಿಸಿದೆ. ನಿಮಗೆ ಕಿವಿ ಕೇಳಿಸುತ್ತಿರಲಿಲ್ಲ — ಅದು ನನಗೆ ಅನುಕೂಲವಾಯಿತು.

ಆ ಬೆಳಿಗ್ಗೆಯಷ್ಟೇ ಸಾರಾ ಕಾಕುವನ್ನು ಕೊಣ್ಣೂರಿನ ನಿಮ್ಮ ಹೊಲದ ಬದುವಿನ ಬಳಿ ಮಣ್ಣು ಮಾಡಿ ಬಂದಿದ್ದೆವು. ಊರ ಮಂದಿ ಬಹಳ ಸೇರಿದ್ದರು, ನಮ್ಮ ಮುಸಲ್ಮಾನರ ಓಣಿಯಂತೂ ಪೂರಾ ಬಂದಿತ್ತು. ಆದರೆ ಸತ್ತವರ ಸಲುವಾಗಿ ನಿಮ್ಮವರು ಹೇಳುವ ಪ್ರಾರ್ಥನೆಗೆ ಹತ್ತು ಮಂದಿ ಯೆಹೂದಿ ಗಂಡಸರು ಬೇಕು, ಒಬ್ಬ ಕಡಿಮೆಯಾದರೂ ಹೇಳುವಂತಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿ ಎಲ್ಲ ಹುಡುಕಿದರೂ ಇದ್ದವರು ನೀವೊಬ್ಬರೇ.

"ಪುಣೇದಾಗ ನಮ್ಮ ಮಂದಿ ಅದಾರಪಾ. ಫೋನ್ ಹಚ್ಚಿ ಕರಿ. ಸೂತಕದ ಏಳು ದಿನದಾಗ ಬಂದ್ರ ಸಾಕು, ಆಕಿ ಸಲುವಾಗಿ ಒಮ್ಮೆ ಹೇಳ್ತೇನಿ," ಎಂದಿರಿ.

ನಾನು ಫೋನ್ ಕಿಸೆಗೆ ಹಾಕಿ, ತುಟಿ ನೋಡಿ ನಿಮಗೆ ತಿಳಿಯಲೆಂದು ನಿಧಾನವಾಗಿ ಹೇಳಿದೆ: "ಅವ್ರಿಗೆ ಬರಾಕ ಆಗೂದಿಲ್ಲಂತರಿ, ಕಾಕಾ."

ಯಾಕೆ ಎಂದರೆ — ಅವರು ಬಂದರೆ ನಿಮ್ಮನ್ನು ಕರೆದುಕೊಂಡೇ ಹೋಗುತ್ತಾರೆಂದು ಹೆದರಿದೆ. ಮಕ್ಕಳಿಲ್ಲದ ಮುದುಕನನ್ನು ಯಾರು ಬಿಟ್ಟು ಹೋದಾರು? ನೀವು ಹೋದರೆ ನನ್ನ ಓದು ನಿಂತುಹೋಗುತ್ತಿತ್ತು. ಮೂಡಲಗಿಯಲ್ಲಿ ಶಾಲೆ ಬಿಟ್ಟೊಡನೆ ಬಸ್ಸು ಹತ್ತಿ ಬಂದು, ರಬ್ಬಿಗಳ ಹಳೆಯ ಗ್ರಂಥವನ್ನು ನಿಮ್ಮ ಬೆರಳ ಹಿಂದೆ ಹಿಂದೆ ಓದುತ್ತಿದ್ದೆನಲ್ಲ. ಸಂಜೆಯ ಪ್ರಾರ್ಥನೆಯ ಹೊತ್ತು ಯಾವುದು ಎಂಬ ಒಂದೇ ಪ್ರಶ್ನೆಗೆ ಆ ಗುರುಗಳ ನಡುವೆ ಎಷ್ಟು ವಾದ! ಸೋತವನ ಮಾತನ್ನೂ ಅಳಿಸದೆ ಇಟ್ಟ ಆ ಗ್ರಂಥ ನನಗೆ ಹುಚ್ಚು ಹಿಡಿಸಿತ್ತು. ದೊಡ್ಡ ಜ್ಞಾನಪಿಪಾಸು ಎಂದುಕೊಂಡಿದ್ದೆ ನನ್ನನ್ನು. ಥೂ, ಅಪ್ಪಟ ಸ್ವಾರ್ಥಿ.

ಸೂತಕವಿಡೀ ನೀವು ಬಾಗಿಲ ಕಡೆ ಮುಖ ಮಾಡಿ ನೆಲದ ಮೇಲೆ ಕೂತಿದ್ದಿರಿ. "ಮತ್ತೊಮ್ಮೆ ಹಚ್ಚಿ ನೋಡಪಾ" ಎಂದಾಗಲೆಲ್ಲ ನಾನು ಅದೇ ನಾಟಕ ಆಡಿದೆ. ಸೂತಕ ಕಳೆದ ಮೇಲೆ ಎದ್ದು ಗ್ರಂಥ ತೆರೆದು, "ಎಲ್ಲಿಗೆ ಬಂದಿದ್ವಿ?" ಎಂದು ಕೇಳಿದಿರಿ. ಪುಣೆಯ ಹೆಸರನ್ನು ಮತ್ತೆ ಎತ್ತಲಿಲ್ಲ. ಬೈದಿದ್ದರೆ — ಅವರನ್ನಾದರೂ, ನನ್ನನ್ನಾದರೂ…

ಕೆಲವು ವರ್ಷಗಳಲ್ಲಿ ನೀವೂ ಹೋದಿರಿ. ಅಂದು ಖರೆಯಾಗಿಯೂ ಫೋನ್ ಹಚ್ಚಿದೆ. ಆ ನಂಬರು ಬಳಕೆಯಲ್ಲಿರಲಿಲ್ಲ. ಕಾಕುವಿನ ಬಾಜೂ ನಿಮ್ಮನ್ನೂ ಪ್ರಾರ್ಥನೆಯಿಲ್ಲದೆಯೇ ಮಲಗಿಸಿದೆವು.

ಗ್ರಂಥಗಳು ನನಗೆ ಉಳಿದವು. ಮೊನ್ನೆ ಒಬ್ಬನೇ ಓದುವಾಗ ಒಂದು ವಿಧಿ ಸಿಕ್ಕಿತು: ಯಾರಿಗೆ ಅನ್ಯಾಯ ಮಾಡಿದ್ದೇವೋ ಅವರು ಸತ್ತಿದ್ದರೆ, ಹತ್ತು ಮಂದಿಯನ್ನು ಅವರ ಗೋರಿಗೆ ಕರೆದೊಯ್ದು, ಅವರೆಲ್ಲರ ಎದುರು ತಪ್ಪೊಪ್ಪಿಕೊಳ್ಳಬೇಕು. ಅದೇ ಹತ್ತು ಮಂದಿ, ಕಾಕಾ. ಆಗ ನಾನು ಕರೆಯಲಿಲ್ಲ, ಈಗ ಕರೆಯಲು ಯಾರೂ ಇಲ್ಲ.

ನಿನ್ನೆ ಬದುವಿಗೆ ಬಂದಿದ್ದೆ. ನಿಮ್ಮಿಬ್ಬರ ನಡುವೆ ನಿಂತು ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ಒಬ್ಬನೇ ಹೇಳಿದ್ದು ಲೆಕ್ಕಕ್ಕಿಲ್ಲ ಎಂದು ನನಗೆ ಕಲಿಸಿದವರು ನೀವೇ.