ಬೆಳಗಿನ ಜಾವ ಮೂರು ಗಂಟೆಗೆ ಹುಟ್ಟಿದವರ ತಾರೀಕು

ಕೊಪ್ಪದಲ್ಲಿ ಪ್ರೋಗ್ರಾಮಿಂಗ್ ಹೇಳಿಕೊಡುವವಳು ನಾನು. ಪ್ರತಿ ಬ್ಯಾಚಿಗೂ ಒಂದು ದಿನವಿಡೀ ಇದನ್ನೇ ಕೊರೆಯುತ್ತೇನೆ: ಕ್ಷಣ ಬೇರೆ, ತಾರೀಕು ಬೇರೆ. ಕಂಪ್ಯೂಟರ್ ಭಾಷೆಯ ಜೊತೆಗೇ ಸಿದ್ಧವಾಗಿ ಬರುವ ಸ್ಟ್ಯಾಂಡರ್ಡ್ ಲೈಬ್ರರಿಗೆ ಒಂದು ಕ್ಷಣವನ್ನು ಕೊಟ್ಟರೆ ಗ್ರೀನ್‌ವಿಚ್ ಸಮಯದಲ್ಲಿ ಜೋಪಾನವಾಗಿ ಇಟ್ಟುಕೊಳ್ಳುತ್ತದೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ತೋರಿಸುವಾಗ ಮತ್ತೆ ನಮ್ಮ ಸಮಯಕ್ಕೆ ತಿರುಗಿಸದಿದ್ದರೆ ತಾರೀಕೇ ಎಡವಟ್ಟಾಗುತ್ತದೆ. ಇದನ್ನು ಮರೆತವರಿಗೆ ನಾನು ಮಾಡುವ ಮಂಗಳಾರತಿ ಎನ್.ಆರ್. ಪುರದಿಂದ ಬಸ್ಸಲ್ಲಿ ಬರುವ ಹುಡುಗಿಯರಿಗೆಲ್ಲ ಚೆನ್ನಾಗಿ ಗೊತ್ತು.

ಅಡ್ಡಗದ್ದೆಯ ಅತ್ತೆ, ಅಂದರೆ ಅಪ್ಪನ ಅಕ್ಕ, ನಮ್ಮ ಬಳಗದ ಯಾರದೇ ಹುಟ್ಟಿದ ದಿನವಿರಲಿ, ಬೆಳಿಗ್ಗೆ ಮೊದಲ ಫೋನ್ ಮಾಡುವವರು. ಹೋದ ವರ್ಷ ಕಣ್ಣಿಗೆ ಪೊರೆ ಬಂದು, ಡೈರಿ ಓದಲಾಗದೆ, ಒಬ್ಬರ ದಿನ ತಪ್ಪಿಹೋಯಿತು. ಅದೂ ಯಾರದು? ಇಲ್ಲೇ ಕೊಪ್ಪದ ಹತ್ತಿರ ನಾರ್ವೆ ಎಂಬ ಊರಿನಲ್ಲಿರುವ ಸ್ವಂತ ತಮ್ಮನದು, ನನ್ನ ಅಪ್ಪನದು. ಅತ್ತೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಇನ್ನೊಂದ್ಸಲ ತಪ್ಪಿದ್ರೆ ಈ ಫೋನನ್ನ ಬಾವಿಗೆ ಹಾಕ್ತೀನಿ ನೋಡು" ಅಂದರು.

"ಅಯ್ಯೋ, ಅದೆಂತ ಮಹಾ!" ಎಂದು ನಾನು ಜಂಬದಿಂದ ಪ್ರೋಗ್ರಾಂ ಬರೆಯಲು ಕೂತೆ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರ ಹುಟ್ಟಿದ ತಾರೀಕು, ಗಂಟೆ ತರಿಸಿಕೊಂಡೆ. ಇವತ್ತು ಯಾರದು, ಎಷ್ಟು ತುಂಬಿತು ಎಂದು ಬೆಳಿಗ್ಗೆ ಅತ್ತೆಯ ಮೊಬೈಲೇ ಕನ್ನಡದಲ್ಲಿ ಮಾತಾಡಿ ಹೇಳುವ ಹಾಗೆ ಮಾಡಿದೆ. ಎರಡು ತಿಂಗಳು ಒಂದೂ ತಪ್ಪಲಿಲ್ಲ.

ಅಪ್ಪನ ಹುಟ್ಟಿದ ದಿನಕ್ಕೆ ಇನ್ನೊಂದು ದಿನ ಇದೆ ಎನ್ನುವಾಗ, ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಂಪ್ಯೂಟರ್ ನೋಡಿದರೆ ಎಡವಟ್ಟಾಗಿತ್ತು. ಸಂದೇಶ ಆಗಲೇ ಹೋಗಿಬಿಟ್ಟಿತ್ತು: ಇವತ್ತು ತಮ್ಮನ ಹುಟ್ಟಿದ ದಿನ, ಎಪ್ಪತ್ತೊಂದು ತುಂಬಿತು. ಅಪ್ಪ ಹುಟ್ಟಿದ್ದು ಬೆಳಗಿನ ಜಾವ ಮೂರು ಗಂಟೆಗೆ. ಗ್ರೀನ್‌ವಿಚ್‌ನಲ್ಲಿ ಅದು ಹಿಂದಿನ ರಾತ್ರಿ ಒಂಬತ್ತೂವರೆ. ತಿರುಗಿಸುವುದನ್ನು ನಾನೇ ಮರೆತಿದ್ದೆ! ಹಗಲು ಹೊತ್ತು ಹುಟ್ಟಿದವರದೆಲ್ಲ ಸರಿಬಂದಿದ್ದರಿಂದ ಗೊತ್ತಾಗಿರಲಿಲ್ಲ.

ಅತ್ತೆಗೆ ಫೋನ್ ಮಾಡಿದೆ, ಎಂಗೇಜ್. ಅಪ್ಪನಿಗೆ ಮಾಡಿದೆ, ಅದೂ ಎಂಗೇಜ್. ಪಾಪ, ಈ ಸಲವೂ ಅತ್ತೆಗೆ ದಿನ ತಪ್ಪಿತು, ಅದೂ ನನ್ನಿಂದ. ಸ್ಕೂಟರ್ ಹತ್ತಿ ಅಡ್ಡಗದ್ದೆಗೆ ಹೊರಟೆ.

ನಾನು ಹೋಗಿ ಮುಟ್ಟಿದರೂ ಅಕ್ಕ-ತಮ್ಮನ ಮಾತು ಮುಗಿದಿರಲಿಲ್ಲ. ಅತ್ತೆ ಜಗಲಿಯಲ್ಲಿ ಕೂತು, ಫೋನನ್ನು ಸ್ಪೀಕರಿಗೆ ಹಾಕಿಕೊಂಡು ನಗುತ್ತಿದ್ದರು.

"ಅತ್ತೆ, ತಪ್ಪಾಯ್ತು. ಅಪ್ಪನದು ನಾಳೆ" ಅಂದೆ.

"ಎಂತ ನಾಳೆ? ಇವ ಹುಟ್ಟುವಾಗ ಇನ್ನೂ ಕತ್ತಲೆ. ಬೆಳಕಾಗ್ದೆ ದಿನ ಹೆಂಗೆ ಬದ್ಲಾಗತ್ತೆ ಮಾರಾಯ್ತಿ? ಅದು ಹಿಂದಿನ ದಿನವೇ. ವರ್ಷಾ ವರ್ಷ ನಾನು ಫೋನ್ ಮಾಡೋದು ಇವತ್ತೇ."

ನನಗೆ ನಗು ತಡೆಯಲಾಗಲಿಲ್ಲ. ಗ್ರೀನ್‌ವಿಚ್‌ನಲ್ಲಿ ನಡುರಾತ್ರಿ ದಿನ ಬದಲಾಗುವಾಗ ನಮ್ಮಲ್ಲಿ ಬೆಳಿಗ್ಗೆ ಐದೂವರೆ, ಹೆಚ್ಚುಕಮ್ಮಿ ಸೂರ್ಯ ಹುಟ್ಟುವ ಹೊತ್ತು. ಬೇರೆಯವರಾಗಿದ್ದರೆ ನಾನು ಸೊನ್ನೆ ಕೊಡುತ್ತಿದ್ದ ತಪ್ಪು, ಅತ್ತೆಯ ಲೆಕ್ಕಕ್ಕೆ ಸರಿಯಾಗಿ ಕೂತಿತ್ತು.

"ಅಪ್ಪಾ, ಇಷ್ಟು ವರ್ಷ ನಾನು ಮಾರನೇ ದಿನ ಬರ್ತಿದ್ದೆ. ಒಂದು ಮಾತು ಹೇಳ್ಬಾರ್ದಿತ್ತಾ?"

"ಪಾಯಸ ತರ್ತಿದ್ಯಲ್ಲೇ, ಸುಮ್ನಿದ್ದೆ" ಎಂದಿತು ಸ್ಪೀಕರು.

"ಅಂತೂ ಎಪ್ಪತ್ತೊಂದಾಯ್ತು ನಿಮಗೆ."

"ಎಲ್ಲಿ ಎಪ್ಪತ್ತೊಂದು? ಹೋದ ವರ್ಷ ಅಕ್ಕನ ಫೋನೇ ಬರ್ಲಿಲ್ಲ. ಆ ವರ್ಷ ನನಗೆ ತುಂಬ್ಲೇ ಇಲ್ಲ. ಇವತ್ತಿಗೆ ಎಪ್ಪತ್ತು."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ಕೇಳಿಸ್ತಾ? ಹಾಗೇ ಬರೆ" ಅಂದರು.

ಜಗಲಿಯಲ್ಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಅಪ್ಪ ಹುಟ್ಟಿದ ಕ್ಷಣವನ್ನು ಮುಟ್ಟಲಿಲ್ಲ. ವಯಸ್ಸಿನಲ್ಲಿ ಮಾತ್ರ ಒಂದು ವರ್ಷ ಕಳೆದೆ.