ಫಟ್‌ಫಟಿಯ ಹಣೆಗೆ ಕುಂಕುಮ

ಮೊನ್ನೆ ಆಯುಧಪೂಜೆಯ ಬೆಳಿಗ್ಗೆ ನನ್ನ ಮಗ ತನ್ನ ಮೋಟಾರ್ ಸೈಕಲ್ಲನ್ನು ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದ. ಸೊಸೆ ತಟ್ಟೆಯಲ್ಲಿ ಅರಿಶಿನ ಕುಂಕುಮ ತಂದು, "ಅತ್ತೆ, ನೀವೇ ಹಚ್ಚಿ" ಅಂದಳು. ಚಕ್ರಕ್ಕೆ ಹಚ್ಚಿದೆ, ದೀಪಕ್ಕೆ ಹಚ್ಚಿದೆ, ಹ್ಯಾಂಡಲ್ಲಿಗೆ ಸೇವಂತಿಗೆ ಹಾರ ಹಾಕಿದೆ. "ಪೆಟ್ರೋಲ್ ಮುಚ್ಚಳ ಬಿಟ್ಟುಬಿಟ್ರಲ್ಲ, ಎದುರಿಗೇ ಕಾಣೋದು ಅದು" ಅಂದಳು. ಬಗ್ಗಿದೆ. ಪೆಟ್ರೋಲಿನ ವಾಸನೆ ಮೂಗಿಗೆ ಬಂತು. ಕುಂಕುಮದ ಬೆರಳು ಹೋದದ್ದು ಅಲ್ಲೇ ನಿಂತಿತು. ನನಗೆ ತಲೆ ಸುತ್ತಿತು ಅಂದುಕೊಂಡು ಸೊಸೆ ಓಡಿಹೋಗಿ ಕುರ್ಚಿ ತಂದಳು. ತಂದ ಕುರ್ಚಿಗೆ ಅವಮಾನ ಆಗಬಾರದು ಅಂತ ಕೂತೆ.

ಈ ಗಾಡಿಯ ಹಿಂದಿನ ಸೀಟಿನಲ್ಲಿ ನಾನಿನ್ನೂ ಕೂತಿಲ್ಲ, ಅದೂ ನಿಮಗೆ ಗೊತ್ತಿರಲಿ. ಕೇಳಿದರೆ ಮಗ, "ಬಸ್ಸಿದೆಯಲ್ಲಮ್ಮ, ಆರಾಮಾಗಿ ಹೋಗು" ಅನ್ನುತ್ತಾನೆ. ಈ ದುಃಖವನ್ನು ಹಾಲು ಹಾಕುವವಳಿಂದ ಹಿಡಿದು ನಮ್ಮ ಅಣ್ಣಯ್ಯನವರೆಗೆ ಎಲ್ಲರ ಹತ್ತಿರವೂ ಹೇಳಿಕೊಂಡಾಗಿದೆ. ಆದರೆ ಮುಚ್ಚಳದ ಮೇಲೆ ಬೆರಳು ನಿಂತದ್ದಕ್ಕೆ ಕಾರಣ ಬೇರೆ. ಅದನ್ನು ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ.

ನಮ್ಮ ತವರೂರು ಅರಸೀಕೆರೆ ಹತ್ತಿರದ ಗಂಡಸಿ. ಆ ದೊಡ್ಡ ಯುದ್ಧ ಮುಗಿದ ಮೇಲೆ ಅಣ್ಣಯ್ಯ ಮಿಲಿಟರಿ ಬಿಟ್ಟು ಊರಿಗೆ ಬಂದ. ಬರುವಾಗ ದಂಡಿನವರು ಬೇಡವೆಂದು ವಿಲೇವಾರಿ ಮಾಡಿದ ಒಂದು ಮೋಟಾರ್ ಸೈಕಲ್ಲನ್ನೂ ಅರಸೀಕೆರೆ ಸ್ಟೇಷನ್ನಿನಲ್ಲಿ ಇಳಿಸಿಕೊಂಡು ಬಂದ. ಮೈಯೆಲ್ಲ ಹಸಿರು ಬಣ್ಣ, ಅಲ್ಲಲ್ಲಿ ಉಜ್ಜಿಹೋಗಿ ಹುಣ್ಣು ಬಿದ್ದ ಎಮ್ಮೆಯ ಹಾಗಿತ್ತು. ಕಲ್ಲು ಮಣ್ಣು ಹಳ್ಳ ಕೊಳ್ಳ ಯಾವುದಕ್ಕೂ ಹೆದರದ ಗಾಡಿ ಅಂತ ಅಣ್ಣಯ್ಯ ಹೇಳುತ್ತಿದ್ದ. ಹೆದರುತ್ತಿದ್ದವರು ನಾವು. ಊರವರು ಅದಕ್ಕೆ ಫಟ್‌ಫಟಿ ಅಂತ ಹೆಸರಿಟ್ಟರು.

ನಮ್ಮ ಅವ್ವನಿಗೆ ಅದು ಮನೆಗೆ ಬಂದ ಹೊಸ ಎತ್ತು, ಅಷ್ಟೆ. ಎತ್ತಿಗಾದರೆ ಹಣೆ ಇರುತ್ತದೆ, ಶುಕ್ರವಾರ ಕುಂಕುಮ ಇಡಬಹುದು. ಇದಕ್ಕೆ ಹಣೆ ಯಾವುದು? ಅವ್ವ ಗಾಡಿಯ ಸುತ್ತ ಒಂದು ಸುತ್ತು ಬಂದು, ಟ್ಯಾಂಕಿನ ಮೇಲೆ ದುಂಡಗೆ ಹೊಳೆಯುತ್ತಿದ್ದ ಪೆಟ್ರೋಲ್ ಮುಚ್ಚಳವನ್ನು ನೋಡಿ, "ಇದೇ ಕಣೇ ಹಣೆ. ಬೋಳಾಗಿ ಬಿಡಬ್ಯಾಡ" ಅಂದಳು. ಹಚ್ಚುವ ಕೆಲಸ ನನ್ನ ಪಾಲಿಗೆ ಬಂತು. ಒಣ ಕುಂಕುಮ ದಾರಿಯ ಧೂಳಿನಲ್ಲಿ ಹಾರಿಹೋಗುತ್ತದೆ ಅಂತ ನಾನೇ ತಲೆ ಓಡಿಸಿ ಹರಳೆಣ್ಣೆಯಲ್ಲಿ ಕಲಸಿ ಮೆತ್ತಿದೆ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು ನಾನು. ತಲೆ ಓಡಿಸುವ ಅವಕಾಶ ಆಗೊಮ್ಮೆ ಈಗೊಮ್ಮೆ ಸಿಕ್ಕಿದಾಗ ಬಿಡುತ್ತಿರಲಿಲ್ಲ.

ಅಂದಿನಿಂದ ಗಾಡಿಗೆ ರೋಗ ಶುರುವಾಯಿತು. ಮನೆ ಮುಂದೆ ಚೆನ್ನಾಗಿಯೇ ಹೊರಡುವುದು. ಕೆರೆ ಏರಿ ದಾಟುವ ಹೊತ್ತಿಗೆ ಎರಡು ಸಲ ಕೆಮ್ಮಿ ನಿಂತುಬಿಡುವುದು. ಆಮೇಲೆ ಅಣ್ಣಯ್ಯ ಎಷ್ಟು ಕಿಕ್ಕು ಹೊಡೆದರೂ ಮಿಸುಕುತ್ತಿರಲಿಲ್ಲ. ಪ್ಲಗ್ಗು ಬಿಚ್ಚಿ ಒರೆಸುವನು, ಕಿಡಿ ಬರುತ್ತದೆಯೇ ಅಂತ ನೋಡುವನು. ಕಿಡಿ ಬರುತ್ತಿತ್ತು. ಕಾರ್ಬರೇಟರಿನ ತೂತಿಗೆ ಬಾಯಿ ಇಟ್ಟು ಊದುವನು. ಏರಿಯ ಮೇಲೆ ದನ ಮೇಯಿಸುವವರು ಸುತ್ತ ಕೂತು, "ಏನ್ಲಾ ನಂಜಪ್ಪ, ಹುಲ್ಲು ಗಿಲ್ಲು ಹಾಕಿದ್ಯೇನ್ಲಾ?" ಅನ್ನುವರು. ಕೊನೆಗೆ ಪೆಟ್ರೋಲಾದರೂ ಇದೆಯೋ ಅಂತ ಮುಚ್ಚಳ ತೆಗೆದು ಇಣುಕಿ, ಮುಚ್ಚಿ, ಬೇಸತ್ತು ಇನ್ನೊಂದು ಕಿಕ್ಕು ಹೊಡೆದರೆ ಗಾಡಿ ಏನೂ ಆಗದವರ ಹಾಗೆ ಹೊರಟುಬಿಡುವುದು.

ಮಜ್ಜಿಗೆ ಕೊಡಲು ಹೋದ ಒಂದು ದಿನ ನಾನು ಪಕ್ಕದಲ್ಲೇ ನಿಂತಿದ್ದೆ. ಮುಚ್ಚಳ ತೆಗೆದಾಗ ಟ್ಯಾಂಕು 'ಉಸ್' ಅಂತ ಉಸಿರು ಎಳೆದುಕೊಂಡಿತು. ಮುಚ್ಚಳದ ನಡುವೆ ಸಾಸಿವೆ ಕಾಳಿನಷ್ಟು ಒಂದು ತೂತು. ಅದರ ತುಂಬ ನನ್ನ ಕುಂಕುಮ. ಸೀಮೆಎಣ್ಣೆ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ತಡೆದು ತಡೆದು ನಿಂತುಹೋಗುವುದಿಲ್ಲವೇ? ಗಾಳಿ ಒಳಗೆ ಹೋಗಲು ಇನ್ನೊಂದು ತೂತು ಮಾಡಬೇಕು. ಅಡಿಗೆಮನೆಯಲ್ಲಿ ಬೆಳೆದವರಿಗೆಲ್ಲ ಗೊತ್ತಿರುವ ವಿಷಯ. ನನಗೆ ತಟ್ಟನೆ ಎಲ್ಲ ತಿಳಿಯಿತು.

ಆಗ ನಾನು ಏನು ಮಾಡಬೇಕಿತ್ತು, ನೀವೇ ಹೇಳಿ. ಹೇಳಿಬಿಡಬೇಕಿತ್ತು. ಆದರೆ ಆ ಗಾಡಿಯಲ್ಲಿ ಒಂದು ಸಲ ಕೂರಬೇಕು ಅಂತ ನಾನು ಎಷ್ಟು ಗೋಗರೆದಿದ್ದೆ ಗೊತ್ತೇ? "ಹೆಣ್ಣುಮಕ್ಕಳು ಕೂರೋ ಗಾಡಿಯಲ್ಲ ಅದು. ನಾಳೆ ನಿನ್ನ ಯಾರು ಮದುವೆ ಆಯ್ತಾರೆ?" ಅಂತ ಅವ್ವ ಬಾಯಿ ಮುಚ್ಚಿಸಿದ್ದಳು. ಹಾಗಾಗಿ ಮುಂದಿನ ಸಲ ಗಾಡಿ ಏರಿಯ ಮೇಲೆ ನಿಂತಾಗ ನಾನು ಮುಂದೆ ಹೋದೆ. "ಅಣ್ಣಯ್ಯ, ನಾನೊಂದು ಕಿತ ನೋಡ್ಲಾ?" ಅಂದೆ. ದನ ಕಾಯುವವರು ನಕ್ಕರು. ನಾನು ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ಮೂರರ ಮಗ್ಗಿಯನ್ನು ಪಿಸುಪಿಸು ಅಂತ ಹೇಳಿ, ಉಗುರಿನಿಂದ ತೂತು ಕೆರೆದು, ಮುಚ್ಚಿದೆ. "ಈಗ ಹೊಡಿ" ಅಂದೆ. ಒಂದೇ ಏಟಿಗೆ ಗಾಡಿ ಹೊರಟಿತು. ಯಾರೂ ನಗಲಿಲ್ಲ.

ನನಗೆ ಕೈಗುಣ ಇದೆ ಅಂತ ಊರೆಲ್ಲ ಸುದ್ದಿಯಾಯಿತು. ಕಾವು ಕೂರದ ಕೋಳಿಯನ್ನು ತಂದು ನನ್ನ ಕೈಲಿ ಮುಟ್ಟಿಸಿದರು. ಒದೆಯುವ ಹಸುವಿನ ಹತ್ತಿರಕ್ಕೂ ಕರೆದುಕೊಂಡು ಹೋದರು. ಹಸುವಿಗೆ ಮಾತ್ರ ನನ್ನ ಕೈಗುಣದಲ್ಲಿ ನಂಬಿಕೆ ಇರಲಿಲ್ಲ. ಅವ್ವ ಎರಡು ದಿನ ಯೋಚನೆ ಮಾಡಿ, "ಇವಳಿಲ್ದೆ ಅದು ಹೊರಡಾಕಿಲ್ಲ ಅಂದ್ಮೇಲೆ ಏನು ಮಾಡಾದು, ಹಿಂದೆ ಕೂರಿಸ್ಕೊಂಡು ಹೋಗು" ಅಂದಳು. ಗೋಣಿಚೀಲ ಮಡಚಿ ಹಾಕಿ ನನ್ನನ್ನು ಒಂದು ಪಕ್ಕಕ್ಕೆ ಕೂರಿಸಿದರು.

ಅರಸೀಕೆರೆಗೆ ಹೋದೆ, ರೈಲು ನೋಡಿದೆ. ಹಳೇಬೀಡಿಗೆ ಹೋದೆ. ಅಷ್ಟು ದೂರ ಹೋಗಿಯೂ ಗುಡಿಯ ಗೋಡೆಯನ್ನು ನಾನು ಸರಿಯಾಗಿ ನೋಡಲಿಲ್ಲ, ಯಾರಾದರೂ ಮುಚ್ಚಳ ಮುಟ್ಟಿಯಾರು ಅಂತ ಗಾಡಿಯನ್ನೇ ಕಾಯುತ್ತ ಹೊರಗೆ ಕೂತಿದ್ದೆ. ಮನೆಗೆ ಬಂದ ಕೂಡಲೇ ಮತ್ತೆ ಕುಂಕುಮ ಕಲಸಿ ಹಣೆಗೆ ಮೆತ್ತುತ್ತಿದ್ದೆ. ಮಗಳಿಗೆ ಎಷ್ಟು ಭಕ್ತಿ ಅಂತ ಅವ್ವ ಹಿಗ್ಗುತ್ತಿದ್ದಳು.

ಹೀಗಿರುವಾಗ ಬಿಕ್ಕೋಡಿನ ಆಚೆ ಒಂದು ಕಾಫಿ ತೋಟದಿಂದ ಅಣ್ಣಯ್ಯನಿಗೆ ಕರೆ ಬಂತು. ತೋಟದ ದೊರೆಗೆ ಮೋಟಾರುಗಳನ್ನು ನೋಡಿಕೊಳ್ಳುವವನು ಬೇಕಾಗಿದ್ದ. ಸ್ವಂತ ಗಾಡಿಯಲ್ಲಿ ಸೋಮವಾರ ಹೊತ್ತಿಗೆ ಸರಿಯಾಗಿ ಬರಬೇಕು, ಬಂದರೆ ಕೆಲಸ ಅಂತ ಹೇಳಿಕಳಿಸಿದ್ದ. ಅಣ್ಣಯ್ಯನಿಗೆ ಹೊಲ ಗದ್ದೆ ಹಿಡಿಸುತ್ತಿರಲಿಲ್ಲ. ಎಣ್ಣೆ ಮೆತ್ತಿದ ಕೈಯೇ ಅವನಿಗೆ ಚೆಂದ. ಆ ವಾರವೆಲ್ಲ ಅವನು ಸಿಳ್ಳೆ ಹಾಕಿಕೊಂಡು ಓಡಾಡಿದ.

"ನಾನೂ ಬತ್ತೀನಿ, ಬೇಲೂರು ನೋಡಿಲ್ಲ" ಅಂದೆ.

"ಕೆಲಸ ಕೇಳಾಕೆ ಹೋಗೋನು ಹಿಂದೆ ತಂಗೀನ ಕೂರಿಸ್ಕೊಂಡು ಹೋಯ್ತಾನೇನೇ? ಗಾಡಿ ನಿಂತ್ರೆ ಕಿವೀಲಿ ಮಂತ್ರ ಹೇಳೋಳು ಇವಳೇ ದೊರೆ ಅಂತ ಹೇಳ್ಲಾ?"

ಎಲ್ಲರೂ ನಕ್ಕರು. ನನಗೆ ಸಿಟ್ಟು ಬಂತು. ಸೋಮವಾರ ಬೆಳಿಗ್ಗೆ ಅವನು ತಲೆ ಬಾಚಿಕೊಳ್ಳುತ್ತಿದ್ದಾಗ ಎಂದಿಗಿಂತ ದಪ್ಪಗೆ ಮೆತ್ತಿದೆ. ನನ್ನ ಲೆಕ್ಕ ಇಷ್ಟೇ. ಗಾಡಿ ಏರಿಯ ಮೇಲೆ ನಿಲ್ಲುತ್ತದೆ, ಅಣ್ಣಯ್ಯ ನನ್ನನ್ನು ಕೂಗುತ್ತಾನೆ, ನಾನು ಒಳ್ಳೆಯ ಸೀರೆ ಉಟ್ಟುಕೊಂಡೇ ಹೋಗುತ್ತೇನೆ. ಸೀರೆ ಉಟ್ಟು ಏರಿಯ ಕೆಳಗೆ ನಿಂತೆ. ಗಾಡಿ ಏರಿ ಹತ್ತಿತು. ಸದ್ದು ನಿಲ್ಲಲಿಲ್ಲ. ಆಗಷ್ಟೇ ಹಚ್ಚಿದ ಕುಂಕುಮ ಧೂಳು ಹಿಡಿದು ಗಟ್ಟಿಯಾಗುವವರೆಗೆ ಒಂದಿಷ್ಟು ಗಾಳಿ ಬಿಟ್ಟಿತೋ ಏನೋ. ಸದ್ದು ಸಣ್ಣದಾಗುತ್ತ ಆಗುತ್ತ ಕೇಳಿಸದಂತಾಯಿತು. ಹಿಂದೆ ಓಡಿದೆ, ಕೂಗಿದೆ. ಫಟ್‌ಫಟಿಯ ಹಿಂದೆ ಕೂಗಿದರೆ ಯಾರಿಗೆ ಕೇಳುತ್ತದೆ?

ಮಾರನೆಯ ದಿನ ಸಂಜೆ ಅಣ್ಣಯ್ಯ ಎತ್ತಿನ ಗಾಡಿಯಲ್ಲಿ ಬಂದ. ಪಕ್ಕದಲ್ಲಿ ಫಟ್‌ಫಟಿ ಹುಲ್ಲಿನ ಮೇಲೆ ಮಲಗಿತ್ತು. ಹಳೇಬೀಡು ದಾಟಿ ಬೇಲೂರಿನ ದಾರಿಯಲ್ಲಿ ನಿಂತಿತಂತೆ. ಹೊಡೆದೂ ಹೊಡೆದೂ ಕೊನೆಗೆ ಕಿಕ್ಕು ತಿರುಗಿ ಹೊಡೆದು ಕಾಲಿನ ಮೂಳೆ ಸೀಳಿತ್ತು. ಕೆಲಸ ಬೇರೊಬ್ಬನಿಗೆ ಹೋಯಿತು. "ಗಾಡಿ ಕೈಕೊಡ್ತು" ಅಂದ, ಅಷ್ಟೇ. ಅವನ ಸಿಳ್ಳೆಯನ್ನು ನಾನು ಮತ್ತೆ ಕೇಳಲಿಲ್ಲ. ತೂತನ್ನು ನಾನು ಕದ್ದು ಚೊಕ್ಕಟ ಮಾಡಿದೆ. ಗಾಡಿ ಕೊಳ್ಳಲು ಬಂದವನು ಒಂದೇ ಕಿಕ್ಕಿಗೆ ಹೊರಡಿಸಿಕೊಂಡು ಹೋದ. ಆಗ ಎಲ್ಲರೂ ಗಾಡಿಯನ್ನು ನೋಡುತ್ತಿದ್ದರು. ಅಣ್ಣಯ್ಯ ನನ್ನನ್ನು ನೋಡುತ್ತಿದ್ದ.

ಆಮೇಲೆ ಅವನು ಅರಸೀಕೆರೆಯಲ್ಲಿ ಹಿಟ್ಟಿನ ಮಿಷನ್ನು ಇಟ್ಟುಕೊಂಡ. ಈಗಲೂ ಚಳಿ ಬಿದ್ದರೆ ಕುಂಟುತ್ತಾನೆ. ಮೊನ್ನೆ ಹಬ್ಬದ ಊಟಕ್ಕೆ ಬಂದಿದ್ದ. ಉಂಡು, ಮಗ ಸೊಸೆ ಮಲಗಿದ ಮೇಲೆ, ಜಗಲಿಯಲ್ಲಿ ಕೂತು ಆ ಕಾಲನ್ನೇ ನೀವಿಕೊಳ್ಳುತ್ತಿದ್ದ. ನನ್ನ ಕೈಲಿ ತಡೆಯಲಾಗಲಿಲ್ಲ.

"ಅಣ್ಣಯ್ಯ, ಆ ಫಟ್‌ಫಟಿ ಮುಚ್ಚಳದ ತೂತು ಮುಚ್ಚುತಿದ್ದೋಳು ನಾನೇ."

"ಗೊತ್ತು" ಅಂದ.

"ಯಾವಾಗಿಂದ?"

"ನೀನು ಮೊದಲನೇ ಕಿತ ಮಂತ್ರ ಹೇಳಿದ್ಯಲ್ಲ, ಆವಾಗಿಂದ. ಅಲ್ಲಿಗಂಟ ನಂಗೂ ಹೊಳೆದಿರಲಿಲ್ಲ. ನೀನು ಉಗುರಾಗೆ ಕೆರೆದಿದ್ದು ಕಂಡೆ. ಮೂರರ ಮಗ್ಗಿ ತಪ್ಪು ತಪ್ಪು ಹೇಳ್ತಿದ್ದೆ."

"ಮತ್ಯಾಕೆ ಸುಮ್ಕಿದ್ದೆ?"

"ಹೇಳಿದ್ರೆ ಅವ್ವ ನಿನ್ನ ಹಿಂದೆ ಕೂರಾಕೆ ಬಿಡ್ತಿದ್ಳಾ?"

ಎಲೆಯಡಿಕೆ ತಟ್ಟೆಯನ್ನು ಅವನ ಮುಂದಕ್ಕೆ ಸರಿಸಿ ಕೇಳಿದೆ. "ಹಂಗಾದ್ರೆ ಆವತ್ತು, ಬೇಲೂರು ದಾರೀಲಿ, ಮುಚ್ಚಳ ಯಾಕೆ ನೋಡಲಿಲ್ಲ?"

ಅಣ್ಣಯ್ಯ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಹಚ್ಚಿ ಮುಗಿಸಿ, ಮಡಚಿ, ಕೈಯಲ್ಲೇ ಇಟ್ಟುಕೊಂಡ.

"ಪ್ಲಗ್ಗು ನೋಡಿದೆ. ಕಾರ್ಬರೇಟರು ನೋಡಿದೆ. ವೈರೆಲ್ಲ ನೋಡಿದೆ. ಮುಚ್ಚಳದ ಮ್ಯಾಲೆ ಕುಂಕುಮನೂ ಕಂಡೆ. ಇವತ್ತೊಂದಿನ ತೂತು ಬಿಟ್ಟು ಹಚ್ಚಿರ್ತಾಳೆ ಅಂದ್ಕೊಂಡೆ."

ಎಲೆ ಬಾಯಿಗೆ ಹಾಕಿಕೊಂಡ. ಅಂಗಳದಲ್ಲಿ ಮಗನ ಗಾಡಿ ಹಾರ ಹಾಕಿಕೊಂಡು ನಿಂತಿತ್ತು. ನಾನು ಕುರ್ಚಿಯಲ್ಲಿ ಕೂತ ಹೊತ್ತಿಗೆ ಸೊಸೆ ತಾನೇ ಮುಚ್ಚಳಕ್ಕೆ ಕುಂಕುಮ ಹಚ್ಚಿ ಮುಗಿಸಿದ್ದಳು. ನಾನು ಎದ್ದು, ಪೊರಕೆಯಿಂದ ಒಂದು ಕಡ್ಡಿ ಮುರಿದುಕೊಂಡು, ಅಂಗಳಕ್ಕೆ ಇಳಿದೆ.

"ಎಲ್ಲಿಗೆ ಹೋಯ್ತೀಯೇ?" ಅಂದ ಅಣ್ಣಯ್ಯ. "ಇರ್ಲಿ ಬಿಡು. ಮಗ ಹಿಂದೆ ಕೂರಿಸ್ಕಳಲ್ಲ ಅಂತ ಊರಿಗೆಲ್ಲ ಸಾರ್ತಿದ್ಯಲ್ಲ. ನಾಳೆ ಬಸ್‌ಸ್ಟ್ಯಾಂಡ್ ಹತ್ರ ನಿಲ್ತದೆ. ಹೋಗಿ ಮಂತ್ರ ಹೇಳು. ಮೂರರ ಮಗ್ಗಿ ಈಗಲಾದ್ರೂ ನೆಟ್ಟಗೆ ಬತ್ತದೇನೋ ನೋಡಾನ."

ಕಡ್ಡಿ ಹಿಡಿದ ಕೈ ಒಂದು ಗಳಿಗೆ ನಿಂತದ್ದು ನಿಜ. ನಿಮ್ಮ ಹತ್ತಿರ ಸುಳ್ಳು ಯಾಕೆ ಹೇಳಲಿ? ಆಮೇಲೆ ಬಗ್ಗಿ, ಕನ್ನಡಕ ಸರಿ ಮಾಡಿಕೊಂಡು, ತೂತು ಹುಡುಕಿ, ಕುಂಕುಮವನ್ನು ಕಡ್ಡಿಯಿಂದ ಬಿಡಿಸಿ, ಬಾಯಿ ಇಟ್ಟು ಊದಿದೆ. ಎದ್ದು ನಿಂತಾಗ ನನ್ನ ತುಟಿಯೆಲ್ಲ ಕೆಂಪಾಗಿತ್ತು. ಜಗಲಿಯ ಮೇಲೆ ಅಣ್ಣಯ್ಯ ಎಲೆಯಡಿಕೆ ತುಂಬಿದ ಬಾಯಲ್ಲಿ ಸಿಳ್ಳೆ ಹಾಕಲು ನೋಡುತ್ತಿದ್ದ.