ತಳ ಹಿಡಿದ ಮಣ್ಣು

ನಮ್ಮ ಸೋದರತ್ತೆ ಮಾಲತೀಬಾಯಿ ೧೯೮೮ರಲ್ಲಿ ತಾಂಡೂರಿನ ಸಿಮೆಂಟ್ ಕಾರ್ಖಾನೆಯ ಲ್ಯಾಬಿಗೆ ಸೇರಿದಳು. ನೌಕರಿ ಮೂರು ತಿಂಗಳ ಮಟ್ಟಿಗೆ. ಅದರಲ್ಲಿ ಎರಡೂವರೆ ತಿಂಗಳು ಗಾಜಿನ ಸಾಮಾನು ತೊಳೆಯುವುದರಲ್ಲೇ ಕಳೆದಿತ್ತು. ಬಿ.ಎಸ್ಸಿ. ಓದಿದವಳಿಗೆ ಆ ಕೆಲಸ! ನನಗೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ದೊಡ್ಡ ಕೆಮಿಸ್ಟ್ ಶಿವರಾಯರು ಬಶೀರಾಬಾದ್ ಕಡೆಯ ಕೆಂಪು ಮಣ್ಣಿನ ಪೊಟ್ಟಣವೊಂದನ್ನು ಅವಳ ಮುಂದಿಟ್ಟರು.

"ಇದು ಆಸಿಡ್‌ಗೂ ಕರಗಂಗಿಲ್ರಿ. ಇದರಾಗ ಏನೇನು ಎಷ್ಟೆಷ್ಟು ಅದ ನೋಡಬೇಕಾಗ್ಯದ, ಪೂರಾ ಕರಗಿಸಿ ತೋರಸ್ರಿ. ನೌಕರಿ ಕಾಯಂ. ಇಲ್ಲಂದ್ರ ನಿಮ್ಮ ಬ್ಯಾಳಿ ಇಲ್ಲಿ ಬೇಯಂಗಿಲ್ಲ."

ಅಂಥ ಮಣ್ಣನ್ನು ಸೋಡಾ ಪುಡಿಯೊಂದಿಗೆ ಭಟ್ಟಿಯಲ್ಲಿ ಕರಗಿಸಬೇಕು, ಆಮೇಲಷ್ಟೇ ಅದು ಆಸಿಡ್‌ಗೆ ಬಗ್ಗುತ್ತದೆ. ಅದಕ್ಕೆ ಬೇಕಾದ ಪ್ಲಾಟಿನಂ ಬಟ್ಟಲು ಶಿವರಾಯರ ಕಪಾಟಿನಲ್ಲಿತ್ತು. ಎರಡೇ ಸಲ ಕೊಡುತ್ತೇನೆ ಎಂದರು. ಮೊದಲ ಸಲ ಅತ್ತೆ ಅವಸರಪಟ್ಟು, ಮಣ್ಣಿನ ಮೇಲೆ ಸೋಡಾ ಸುರಿದು ಹಾಗೇ ಭಟ್ಟಿಗಿಟ್ಟಳು. ಕರಗಿಸಿ ಆರಿಸಿದ್ದನ್ನು ಆಸಿಡ್‌ಗೆ ಹಾಕಿದರೆ ತಳದಲ್ಲಿ ಹಾಗೇ ಹರಳು. ಮನೆಗೆ ಬಂದು ಮುಖ ಊದಿಸಿಕೊಂಡು ಕುಳಿತಳು.

ಮರುದಿನ ಅಮಾವಾಸ್ಯೆ, ಹೋಳಿಗೆ. ತಾಂಡೂರಿನ ಸುಣ್ಣದ ನೀರಿನಲ್ಲಿ ಬೇಳೆ ಸುಲಭಕ್ಕೆ ಬೇಯುವುದಿಲ್ಲ, ಸೋಡಾ ಬೇಕೇ ಬೇಕು. ಅತ್ತೆ ಬೇಳೆಯ ಮೇಲೆ ಚಿಟಿಕೆ ಸೋಡಾ ಉದುರಿಸಿ ಸುಮ್ಮನಾದಳು. ಹೂರಣ ರುಬ್ಬಲು ಕುಳಿತ ನಮ್ಮಜ್ಜಿ ಸರಸ್ವತೀಬಾಯಿಯ ಬೆರಳಿಗೆ ಬೇಯದ ಕಾಳು ಸಿಕ್ಕವು.

"ಹುಚ್ಚಿ, ಮ್ಯಾಲ ಉದುರಿಸಿ ಕುಂತ್ರ ತಳದಾನ ಬ್ಯಾಳಿಗಿ ಸೋಡಾ ಹ್ಯಾಂಗ ಮುಟ್ಟತದ? ಒಂದೊಂದಕ್ಕೂ ಹತ್ತಬೇಕು, ಕಲಸಬೇಕು!"

ಅತ್ತೆ ಓದಿದ ಪುಸ್ತಕದಲ್ಲೂ ಇದೇ ಮಾತಿತ್ತು. ಆದರೆ ಪುಸ್ತಕ ಅವ್ವನಂತೆ ಬೈಯುವುದಿಲ್ಲ.

ಎರಡನೆಯ ಸಲ ಅವಳು ಮಣ್ಣನ್ನು ಕುಂಕುಮದಷ್ಟು ನುಣ್ಣಗೆ ಅರೆದಳು. ಬೆರಳಿಗೆ ಒಂದು ಹರಳೂ ಸಿಗದ ಮೇಲೆ ಸೋಡಾ ಸುರಿದು, ಬಣ್ಣ ಒಂದೇ ಆಗುವವರೆಗೂ ಕಲಸಿದಳು. ಭಟ್ಟಿಯಿಂದ ತೆಗೆದ ಬಟ್ಟಲು ಆರುವ ತನಕ ಅವಳು ಅದರ ಮುಂದಿನಿಂದ ಕದಲಲಿಲ್ಲವಂತೆ. ಒಳಗಿನ ಗಟ್ಟಿಯನ್ನು ಆಸಿಡ್‌ಗೆ ಇಳಿಸಿದಳು. ಬುಸುಬುಸು ನೊರೆ ಎದ್ದಿತು, ಇಳಿಯಿತು.

ಶಿವರಾಯರು ಗಾಜಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ತಳವನ್ನೇ ನೋಡಿದರು. ಒಂದು ಕಣವೂ ಇರಲಿಲ್ಲ. ಜೇಬಿನಿಂದ ಕಪಾಟಿನ ಚಾವಿ ತೆಗೆದು ಅವಳ ಮುಂದಿಟ್ಟರು.

"ಇದು ಇನ್ನ ನಿಮ್ಮ ಬಲ್ಲೇ ಇರಲಿ. ಬ್ಯಾಳಿ ಬೆಂತಲ್ರಿ, ಬಾಯಾರ."

"ಬೆಂತ್ರಿ ಸರ್," ಅಂದಳು ಅತ್ತೆ. "ತಳದ್ದೂ ಬೆಂತು."